ಅಕ್ಕಿ ರೊಟ್ಟಿಯಲ್ಲಿ ಎಷ್ಟು ಅಕ್ಕಿ ಇರಬೇಕು: ಮೂರು ತಿಂಗಳ ಅಡುಗೆಮನೆ ದಾಖಲೆ

ಹಾಸನದ ನಮ್ಮ ಮನೆಯಲ್ಲಿ ಬೆಳಗಿನ ತಿಂಡಿ ಎಂದರೆ ವಾರಕ್ಕೆ ನಾಲ್ಕು ದಿನವಾದರೂ ಅಕ್ಕಿ ರೊಟ್ಟಿ. ಅಮ್ಮನಿಗೆ ಈಗ 71 ವರ್ಷ. ಸಕ್ಕರೆ ಕಾಯಿಲೆ ಬಂದು 12 ವರ್ಷಗಳಾದವು. 2024ರ ಮೇ ತಿಂಗಳಲ್ಲಿ ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆಯಲ್ಲಿ 8.9 ಬಂದಾಗ, ಅನ್ನ ಮತ್ತು ರೊಟ್ಟಿಯನ್ನು ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿದರು. ಸಿಹಿಯನ್ನು ಅಮ್ಮ ಎಂದೋ ಬಿಟ್ಟಿದ್ದರು. ಆದರೆ ರೊಟ್ಟಿಯ ಮಾತು ಬಂದಾಗ, "ಅದನ್ನೂ ಬಿಟ್ಟರೆ ಬೆಳಿಗ್ಗೆ ಎದ್ದು ಏನು ಮಾಡಲಿ ಮಗಾ?" ಎಂದು ಕೇಳಿದರು. ಆ ಪ್ರಶ್ನೆಯನ್ನು ನಾನು ಕೆಲಸವಾಗಿ ತೆಗೆದುಕೊಂಡೆ. ನನ್ನ ಉದ್ಯೋಗ ಯಂತ್ರದ ಬಿಡಿಭಾಗಗಳ ಅಳತೆ ಪರಿಶೀಲಿಸುವುದು. ಆದ್ದರಿಂದ ಮೊದಲ ದಿನದಿಂದಲೇ ಒಂದು ನೋಟ್‌ಬುಕ್‌ನಲ್ಲಿ ತೂಕ, ಸಮಯ, ಖರ್ಚು ಮತ್ತು ಕೆಟ್ಟುಹೋದ ಪ್ರಯತ್ನಗಳನ್ನು ಬರೆದಿಟ್ಟೆ. ಕೆಳಗಿರುವುದು ಆ ಪುಸ್ತಕದ ಮುಖ್ಯ ಭಾಗ.

ಉಪಕರಣಗಳು ಹೆಚ್ಚೇನೂ ಇಲ್ಲ. 1 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿಗೆ 420 ರೂಪಾಯಿ ಕೊಟ್ಟೆ. ಗ್ಲುಕೋಮೀಟರ್ ಮನೆಯಲ್ಲಿತ್ತು; ಅದರ ಪಟ್ಟಿಗಳಿಗೆ ಮೂರು ತಿಂಗಳಲ್ಲಿ ಒಟ್ಟು 1,640 ರೂಪಾಯಿ ಆಯಿತು, ಇಡೀ ಕೆಲಸದಲ್ಲಿ ಅತಿ ದೊಡ್ಡ ಖರ್ಚು ಅದೇ. ಉಳಿದಂತೆ ಬೀಡು ಕಬ್ಬಿಣದ ಕಾವಲಿ, ಮಿಕ್ಸಿ, ತುರಿಯುವ ಮಣೆ, ಹಿಂಡಲು ಒಂದು ತೆಳು ಪಂಚೆಯ ತುಂಡು, ಬಾಳೆಎಲೆ ಮತ್ತು ಹೆಂಡತಿ ಕೇಕ್ ಮಾಡಲು ಕೊಂಡಿದ್ದ ಸಣ್ಣ ವಿದ್ಯುತ್ ಒಲೆ.

ಜೂನ್ 3: ಹಳೆಯ ರೊಟ್ಟಿಯ ತೂಕ

ಬದಲಿ ಹುಡುಕುವ ಮೊದಲು ಮೂಲವನ್ನು ಅಳೆಯಬೇಕು. ಅಮ್ಮ ಎಂದಿನಂತೆ ಕಣ್ಣಳತೆಯಲ್ಲಿ ಹಿಟ್ಟು ತೆಗೆದುಕೊಂಡರು, ನಾನು ಅದನ್ನು ತಕ್ಕಡಿಯ ಮೇಲಿಟ್ಟೆ. ಎರಡು ರೊಟ್ಟಿಗೆ 120 ಗ್ರಾಂ ಅಕ್ಕಿ ಹಿಟ್ಟು ಇತ್ತು. ಅಕ್ಕಿ ಹಿಟ್ಟಿನ ಪ್ರತಿ 100 ಗ್ರಾಂನಲ್ಲಿ ಸುಮಾರು 80 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ತಿಂದ ಮೇಲೆ ಸಕ್ಕರೆಯಾಗುವ ಅಂಶ, ಇರುವುದರಿಂದ, ಎರಡು ರೊಟ್ಟಿಯೆಂದರೆ ಸುಮಾರು 96 ಗ್ರಾಂ. ತಿನ್ನುವ ಮೊದಲು ಮೀಟರಿನಲ್ಲಿ 131 ಇದ್ದ ಸಕ್ಕರೆ, ಮೊದಲ ತುತ್ತಿನಿಂದ ಸರಿಯಾಗಿ ಎರಡು ಗಂಟೆಯ ನಂತರ 238 ಆಗಿತ್ತು. ಮನೆಯ ಮೀಟರ್ ತೋರಿಸುವ ಅಂಕಿ ಶೇಕಡಾ 15ರಷ್ಟು ಆಚೀಚೆ ಇರಬಹುದಾದ್ದರಿಂದ ಒಂದೇ ಅಂಕಿಯನ್ನು ನಂಬದೆ ಮುಂದಿನ ಎರಡು ಬೆಳಿಗ್ಗೆಯೂ ಅದೇ ತೂಕದ ರೊಟ್ಟಿ ಮಾಡಿಸಿ ಅಳೆದೆ. 229 ಮತ್ತು 246 ಬಂದವು. ಇದು ನನ್ನ ಆರಂಭದ ಗೆರೆ.

ಜೂನ್ 7: ರಾಗಿ, ಮೊದಲ ತಪ್ಪು

ಸಕ್ಕರೆ ಕಾಯಿಲೆಯವರಿಗೆ ರಾಗಿ ಒಳ್ಳೆಯದೆಂಬ ಮಾತನ್ನು ಬಾಲ್ಯದಿಂದ ಕೇಳಿದ್ದೆ. ಅದನ್ನು ಪರೀಕ್ಷಿಸದೆ ನಂಬಿದ್ದು ನನ್ನ ಮೊದಲ ತಪ್ಪು. 120 ಗ್ರಾಂ ಅಕ್ಕಿ ಹಿಟ್ಟಿನ ಜಾಗದಲ್ಲಿ 120 ಗ್ರಾಂ ರಾಗಿ ಹಿಟ್ಟು ಹಾಕಿದೆ. ರೊಟ್ಟಿ ಚೆನ್ನಾಗಿ ಬಂತು, ಅಮ್ಮನೂ ಸಂತೋಷದಿಂದ ತಿಂದರು, ಎರಡು ಗಂಟೆಯ ನಂತರದ ಅಂಕಿ 226. ರಾಗಿಯಲ್ಲಿ ನಾರು ಮತ್ತು ಸುಣ್ಣದ ಅಂಶ ಅಕ್ಕಿಗಿಂತ ಹೆಚ್ಚಿರುವುದು ನಿಜ. ಆದರೆ 100 ಗ್ರಾಂಗೆ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಅದರಲ್ಲೂ ಇದೆ. ಜೋಳವೂ ಹೆಚ್ಚು ಕಡಿಮೆ ಅಷ್ಟೇ. ಒಂದು ಧಾನ್ಯವನ್ನು ತೆಗೆದು ಇನ್ನೊಂದು ಧಾನ್ಯವನ್ನು ಅದೇ ತೂಕದಲ್ಲಿ ಇಟ್ಟರೆ ಲೆಕ್ಕ ಹೆಚ್ಚು ಬದಲಾಗುವುದಿಲ್ಲವೆಂದು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡೆ.

ಜೂನ್ 11ರಿಂದ 14: ಹೂಕೋಸು

ಧಾನ್ಯವೇ ಬೇಡವೆಂದು ತರಕಾರಿಗೆ ಹೋದೆ. ಹೂಕೋಸನ್ನು ತುರಿದು, 200 ಗ್ರಾಂ ತುರಿಗೆ ಉಪ್ಪು, ಹಸಿಮೆಣಸು, ಜೀರಿಗೆ ಮತ್ತು ಎರಡು ಚಮಚ ಅಗಸೆಬೀಜದ ಪುಡಿ ಸೇರಿಸಿ ತಟ್ಟಿದೆ. ಕಾವಲಿಯ ಮೇಲೆ ಅದು ಬೆಂದಿತೇ ಹೊರತು ರೊಟ್ಟಿಯಾಗಲಿಲ್ಲ. ಮಗುಚುವ ಕೈ ಹಾಕಿದ ಕೂಡಲೇ ನಾಲ್ಕು ತುಂಡಾಯಿತು. ಮೊಟ್ಟೆ ಹಾಕಿದರೆ ಹಿಡಿದುಕೊಳ್ಳುತ್ತದೆಂದು ಗೊತ್ತಿದ್ದರೂ ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ.

ಎರಡನೆಯ ದಿನ ತುರಿಗೆ ಉಪ್ಪು ಬೆರೆಸಿ 15 ನಿಮಿಷ ಬಿಟ್ಟು ಬಟ್ಟೆಯಲ್ಲಿ ಹಿಂಡಿದೆ. 200 ಗ್ರಾಂ ಇದ್ದದ್ದು 125 ಗ್ರಾಂಗೆ ಇಳಿಯಿತು, ಅಂದರೆ 75 ಗ್ರಾಂ ನೀರನ್ನು ನಾನು ಹಿಂದಿನ ದಿನ ರೊಟ್ಟಿಯೊಳಗೇ ಇಟ್ಟು ಬೇಯಿಸಲು ಹೊರಟಿದ್ದೆ. ಹಿಂಡಿದ ಮೇಲೆ ಒಡೆಯುವುದು ಕಡಿಮೆಯಾಯಿತು. ಮೂರನೆಯ ದಿನ ಅಗಸೆಯನ್ನು ಹೆಚ್ಚಿಸಿದಾಗ ರೊಟ್ಟಿ ಇಡಿಯಾಗಿ ಮಗುಚಿಕೊಂಡಿತು, ಆದರೆ ಅಗಸೆಯ ಎಣ್ಣೆಗಂಪೂ ಹೂಕೋಸಿನ ವಾಸನೆಯೂ ಸೇರಿ ಅಡುಗೆಮನೆಯಲ್ಲಿ ನಿಲ್ಲಲಾಗಲಿಲ್ಲ. ಅಮ್ಮ ಅರ್ಧ ತಿಂದು, "ಇದು ರೊಟ್ಟಿ ಅಲ್ಲ ಕಣಪ್ಪ, ಪಲ್ಯವನ್ನ ತಟ್ಟಿ ಸುಟ್ಟಿದ್ದೀಯ" ಎಂದರು. ಸಕ್ಕರೆಯ ಅಂಕಿ 139 ಬಂದಿತ್ತು. ಆದರೆ ತಿನ್ನಲಾಗದ ತಿಂಡಿಯ ಅಂಕಿ ಎಷ್ಟು ಚೆನ್ನಾಗಿದ್ದರೂ ಅದು ನಾಲ್ಕನೆಯ ದಿನಕ್ಕೆ ಮುಂದುವರಿಯುವುದಿಲ್ಲ.

ಉಳಿದ ಹೂಕೋಸು ಮಾತ್ರ ವ್ಯರ್ಥವಾಗಲಿಲ್ಲ. ಅದನ್ನು ಮಿಕ್ಸಿಯಲ್ಲಿ ಎರಡೆರಡು ಸೆಕೆಂಡಿನಂತೆ ಮೂರು ಬಾರಿ ಮಾತ್ರ ತಿರುಗಿಸಿ ಅಕ್ಕಿ ಕಾಳಿನ ಗಾತ್ರಕ್ಕೆ ತಂದು, ಅಗಲ ಬಾಣಲೆಯಲ್ಲಿ ನೀರು ಹಾಕದೆ, ಮುಚ್ಚದೆ 7 ನಿಮಿಷ ಹುರಿದು, ಕಡಲೆಕಾಯಿ ಬೀಜ, ಸಾಸಿವೆ, ಕರಿಬೇವು, ಅರಿಸಿನದ ಒಗ್ಗರಣೆ ಕೊಟ್ಟು, ಒಲೆ ಆರಿಸಿದ ಮೇಲೆ ನಿಂಬೆಹಣ್ಣು ಹಿಂಡಿದಾಗ ಚಿತ್ರಾನ್ನ ಮೊದಲ ಪ್ರಯತ್ನದಲ್ಲೇ ಒಪ್ಪಿಗೆಯಾಯಿತು. ನಾಲ್ಕನೆಯ ಬಾರಿ ಮಿಕ್ಸಿ ತಿರುಗಿಸಿದರೆ ಮುದ್ದೆಯಾಗುತ್ತದೆ; ಮುಚ್ಚಿಟ್ಟರೆ ವಾಸನೆ ಒಳಗೇ ಉಳಿಯುತ್ತದೆ. ಇದರ ಬಗ್ಗೆ ಬರೆಯಲು ಇಷ್ಟೇ ಇದೆ.

ಜೂನ್ 19: ಅಂಗಡಿಯ ತೆಂಗಿನ ಹಿಟ್ಟು

ಕಾಯಿಹಾಲು ತೆಗೆದ ಮೇಲೆ ಉಳಿಯುವ ತುರಿಯನ್ನು ಒಣಗಿಸಿ ಬೀಸಿದ ಹಿಟ್ಟು ಪೊಟ್ಟಣದಲ್ಲಿ ಸಿಗುತ್ತದೆ. ಅರ್ಧ ಕಿಲೋಗೆ 260 ರೂಪಾಯಿ ಕೊಟ್ಟು ತಂದೆ. ಅಕ್ಕಿ ಹಿಟ್ಟಿನಷ್ಟೇ ತೂಕದಲ್ಲಿ, ಅಂದರೆ 120 ಗ್ರಾಂ ತೆಗೆದುಕೊಂಡು ಎಂದಿನಷ್ಟು ನೀರು ಹಾಕಿದೆ. ಹಿಟ್ಟು ನೀರನ್ನೆಲ್ಲ ಕುಡಿದು ಒದ್ದೆ ಮರಳಿನಂತೆ ಉದುರತೊಡಗಿತು. ಮತ್ತೆ ನೀರು ಹಾಕಿದೆ, ಮತ್ತೆ ಕುಡಿಯಿತು. ಕೊನೆಗೆ ಒಂದು ಬೋಗುಣಿ ತುಂಬ ಉದುರುದುರಾದ ಹಿಟ್ಟು ಉಳಿಯಿತು, ಒಂದು ರೊಟ್ಟಿಯೂ ಆಗಲಿಲ್ಲ. ಈ ಹಿಟ್ಟನ್ನು ಅಕ್ಕಿ ಹಿಟ್ಟಿನ ಕಾಲು ಭಾಗಕ್ಕಿಂತ ಹೆಚ್ಚು ಬಳಸಬಾರದೆಂದು 120 ಗ್ರಾಂ ಹಾಳುಮಾಡಿದ ಮೇಲೆ ತಿಳಿಯಿತು.

ಮುಂದಿನ ವಾರದಿಂದ ಪೊಟ್ಟಣ ತರುವುದನ್ನೂ ನಿಲ್ಲಿಸಿದೆ. ಮನೆಯಲ್ಲಿ ಸಾಗು, ಕೂಟಿಗೆ ಕಾಯಿಹಾಲು ತೆಗೆದಾಗಲೆಲ್ಲ ಉಳಿದ ತುರಿಯನ್ನು ತಟ್ಟೆಯಲ್ಲಿ ತೆಳುವಾಗಿ ಹರಡಿ, ಬಿಸಿಲಿದ್ದರೆ ಎರಡು ದಿನ ಒಣಗಿಸಿ, ಇಲ್ಲವಾದರೆ ವಿದ್ಯುತ್ ಒಲೆಯಲ್ಲಿ 100 ಡಿಗ್ರಿಯಲ್ಲಿ 50 ನಿಮಿಷ ಇಟ್ಟು, ಮಿಕ್ಸಿಯಲ್ಲಿ ಪುಡಿಮಾಡಿದರೆ ಅದೇ ಹಿಟ್ಟು ಸಿಗುತ್ತದೆ. ಒಂದು ದೊಡ್ಡ ತೆಂಗಿನಕಾಯಿಯಿಂದ ನನಗೆ 55ರಿಂದ 60 ಗ್ರಾಂ ಬಂದಿದೆ. ಸರಿಯಾಗಿ ಒಣಗದಿದ್ದರೆ ನಾಲ್ಕೇ ದಿನದಲ್ಲಿ ಕನರು ವಾಸನೆ ಬರುತ್ತದೆ. ಒಂದು ಡಬ್ಬ ಹಾಗೆ ಎಸೆದಿದ್ದೇನೆ.

ಜೂನ್ 23: ಸೋರೆಕಾಯಿ ಮತ್ತು ಇಸಬ್‌ಗೋಲ್

ಹೂಕೋಸು ಬೇಡವೆಂದಾಗ ಯಾವ ತರಕಾರಿ ಎಂಬ ಪ್ರಶ್ನೆಗೆ ಅಮ್ಮನೇ ಉತ್ತರ ಕೊಟ್ಟರು. ಸೌತೆಕಾಯಿ ರೊಟ್ಟಿ, ಸೋರೆಕಾಯಿ ರೊಟ್ಟಿ ನಮ್ಮ ಕಡೆಯ ಹಳೆಯ ತಿಂಡಿಗಳೇ; ಅವುಗಳಲ್ಲಿ ತರಕಾರಿಯ ನೀರಿನಲ್ಲೇ ಅಕ್ಕಿ ಹಿಟ್ಟನ್ನು ಕಲಸುತ್ತಾರೆ. ಪ್ರಮಾಣವನ್ನು ತಲೆಕೆಳಗು ಮಾಡಿದರೆ, ಅಂದರೆ ಸೋರೆಕಾಯಿಯನ್ನೇ ಮುಖ್ಯ ಮಾಡಿದರೆ, ನಾಲಿಗೆಗೆ ಅದು ಅಪರಿಚಿತವಾಗುವುದಿಲ್ಲ. ಈ ಮಾತನ್ನು ನಾನು ಮೊದಲ ದಿನವೇ ಕೇಳಬೇಕಾಗಿತ್ತು.

180 ಗ್ರಾಂ ಸೋರೆಕಾಯಿ ತುರಿಯನ್ನು ಉಪ್ಪು ಹಾಕಿ ಹಿಂಡಿದಾಗ 100 ಗ್ರಾಂ ಉಳಿಯಿತು. ಅದಕ್ಕೆ 30 ಗ್ರಾಂ ತೆಂಗಿನ ಹಿಟ್ಟು, ಹಿಡಿದಿಡಲು ಔಷಧಿ ಅಂಗಡಿಯಲ್ಲಿ ಸಿಗುವ ಇಸಬ್‌ಗೋಲ್ ಹೊಟ್ಟು. ಹೊಟ್ಟಿನ ಪ್ರಮಾಣ ಕಂಡುಕೊಳ್ಳಲು ಮೂರು ದಿನ ಹಿಡಿಯಿತು. 5 ಗ್ರಾಂ ಹಾಕಿದ ದಿನ ಅಂಚು ಒಡೆಯಿತು. 12 ಗ್ರಾಂ ಹಾಕಿದ ದಿನ ರೊಟ್ಟಿಯನ್ನು ಕೈಯಲ್ಲಿ ಹಿಡಿದು ಮಡಿಸಬಹುದಾಗಿತ್ತು, ಆದರೆ ಒಳಗೆ ಲೋಳೆ ಲೋಳೆಯಾಗಿತ್ತು ಮತ್ತು ಅಮ್ಮನಿಗೆ ಮಧ್ಯಾಹ್ನದವರೆಗೆ ಹೊಟ್ಟೆ ಉಬ್ಬರಿಸಿತು. 8 ಗ್ರಾಂ ಹಾಕಿ, ಕಲಸಿದ ಮೇಲೆ 10 ನಿಮಿಷ ಮುಟ್ಟದೆ ಬಿಟ್ಟಾಗ ಎರಡರ ನಡುವಿನ ಹದ ಸಿಕ್ಕಿತು. ಕಲಸಿದ ತಕ್ಷಣ ತಟ್ಟಲು ಹೋದರೆ ಹೊಟ್ಟು ಇನ್ನೂ ನೀರು ಹೀರಿರುವುದಿಲ್ಲ. ಹಿಟ್ಟು ನೀರಾಗಿದೆಯೆಂದು ಭಾವಿಸಿ ಮತ್ತಷ್ಟು ಹೊಟ್ಟು ಸುರಿಯುವ ತಪ್ಪು ನಡೆಯುವುದು ಅಲ್ಲೇ. 12 ಗ್ರಾಂ ಆದದ್ದೂ ಹಾಗೆಯೇ. ಇಸಬ್‌ಗೋಲ್ ತಿಂದ ದಿನ ನೀರನ್ನು ಸಾಕಷ್ಟು ಕುಡಿಯಬೇಕು. ಮಾತ್ರೆಗಳು ಮೈಗೆ ಹಿಡಿಯುವುದನ್ನು ಅದು ತಡೆಯಬಹುದಾದ್ದರಿಂದ ಎರಡರ ನಡುವೆ ಅಂತರ ಇರಬೇಕು. ಈ ವಿಷಯವನ್ನು ನಾನು ವೈದ್ಯರಿಂದ ತಿಳಿದದ್ದು ಕೆಳಗೆ ಬರೆದಿರುವ ಘಟನೆಯ ನಂತರ.

ಜೂನ್ 27: ಎಲ್ಲಕ್ಕಿಂತ ದೊಡ್ಡ ತಪ್ಪು

ಅಂದು ಅಮ್ಮ ಎಂದಿನಂತೆ ತಿಂಡಿಗೆ ಮೊದಲು ಮಾತ್ರೆ ನುಂಗಿ, ಅಕ್ಕಿಯೇ ಇಲ್ಲದ ಎರಡು ಸೋರೆಕಾಯಿ ರೊಟ್ಟಿ ತಿಂದರು. ಹನ್ನೊಂದೂ ನಲವತ್ತರ ಹೊತ್ತಿಗೆ ಹೆಂಡತಿ ಫೋನ್ ಮಾಡಿ, ಅತ್ತೆ ಬೆವರುತ್ತಿದ್ದಾರೆ, ಕೈ ನಡುಗುತ್ತಿದೆ ಎಂದಳು. ಮೀಟರಿನಲ್ಲಿ 62 ಇತ್ತು. ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿ 15 ನಿಮಿಷ ಬಿಟ್ಟು ಮತ್ತೆ ನೋಡಿದಾಗ 94 ಆಗಿತ್ತು. ನಾನು ಮನೆ ತಲುಪುವ ಹೊತ್ತಿಗೆ ಅಮ್ಮ ಎದ್ದು ಕೂತಿದ್ದರು.

ಅವರು ತೆಗೆದುಕೊಳ್ಳುತ್ತಿದ್ದ ಎರಡು ಮಾತ್ರೆಗಳಲ್ಲಿ ಒಂದು, ಊಟ ಮಾಡಲಿ ಬಿಡಲಿ, ಮೇದೋಜೀರಕದಿಂದ ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಹೊರಡಿಸುವ ಜಾತಿಯದು. 96 ಗ್ರಾಂ ಕಾರ್ಬೋಹೈಡ್ರೇಟ್ ತಿನ್ನುವವರಿಗೆಂದು ನಿಗದಿಯಾದ ಮಾತ್ರೆಯನ್ನು ಹಾಗೆಯೇ ಇಟ್ಟು, ತಟ್ಟೆಯನ್ನು ಮಾತ್ರ 10 ಗ್ರಾಂಗೆ ಇಳಿಸಿದವನು ನಾನು. ಮರುದಿನ ನೋಟ್‌ಬುಕ್ ಸಮೇತ ವೈದ್ಯರ ಬಳಿ ಹೋದೆವು. ಅವರು ಅಂಕಿಗಳನ್ನೆಲ್ಲ ಓದಿ ಆ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು, ತಿಂಡಿಯನ್ನು ಒಮ್ಮೆಲೇ ಅಷ್ಟು ಇಳಿಸಬೇಡಿ, ದಿನವೂ ಹೆಚ್ಚು ಕಡಿಮೆ ಒಂದೇ ಪ್ರಮಾಣ ಇರಲಿ ಎಂದರು. ಇಂತಹ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರ ಮನೆಯಲ್ಲಿ ಈ ಕೆಲಸಕ್ಕೆ ಕೈಹಾಕುವವರು ತಕ್ಕಡಿ ಕೊಳ್ಳುವ ಮೊದಲು ವೈದ್ಯರಿಗೆ ಹೇಳಬೇಕು. ನಾನು ಹೇಳಲಿಲ್ಲ. ಈ ಪುಸ್ತಕದಲ್ಲಿ ಉಳಿದ ಯಾವ ತಪ್ಪಿಗೂ ಇದರ ತೂಕ ಇಲ್ಲ.

ಜುಲೈ 4ರಿಂದ 13: ಅಕ್ಕಿಯನ್ನು ಮರಳಿ ತಂದದ್ದು

ವೈದ್ಯರ ಮಾತಿನ ಪ್ರಕಾರ ರೊಟ್ಟಿಗೆ ಸ್ವಲ್ಪ ಪಿಷ್ಟ ಸೇರಿಸುವ ಅವಕಾಶ ಸಿಕ್ಕಿತು. ಮೊದಲು 20 ಗ್ರಾಂ ಕಡಲೆ ಹಿಟ್ಟು ಹಾಕಿದೆ. ರೊಟ್ಟಿ ಗಟ್ಟಿಯಾಯಿತು, ಬಣ್ಣವೂ ಬಂತು, ಆದರೆ ಮನೆಯೆಲ್ಲ ಬಜ್ಜಿಯ ವಾಸನೆ. ಅಮ್ಮ ತಿಂದರು, ಏನೂ ಹೇಳಲಿಲ್ಲ. ಎರಡನೆಯ ರೊಟ್ಟಿ ಮಾತ್ರ ತಟ್ಟೆಯಲ್ಲೇ ಉಳಿಯಿತು.

ಜುಲೈ 10ರಂದು 15 ಗ್ರಾಂ ಅಕ್ಕಿ ಹಿಟ್ಟನ್ನು ಹಸಿಯಾಗಿಯೇ ಸೇರಿಸಿ ನೋಡಿದೆ. ವಾಸನೆ ತುಸು ಸುಧಾರಿಸಿದರೂ ಹಿಡಿತದಲ್ಲಿ ವ್ಯತ್ಯಾಸ ಕಾಣಲಿಲ್ಲ, ಅಲ್ಲಲ್ಲಿ ಹಸಿ ಹಿಟ್ಟು ನಾಲಿಗೆಗೆ ಸಿಕ್ಕಿತು. ಮರುದಿನ ಅಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ, ಹಿಟ್ಟನ್ನು ಉಕ್ಕರಿಸಿ ಹಾಕಿದರು. ಸಣ್ಣ ಪಾತ್ರೆಯಲ್ಲಿ 60 ಮಿಲಿಲೀಟರ್ ನೀರಿಗೆ ಅರ್ಧ ಚಮಚ ಎಣ್ಣೆ ಹಾಕಿ ಕುದಿಸಿ, ಉರಿ ಸಣ್ಣದು ಮಾಡಿ, 15 ಗ್ರಾಂ ಹಿಟ್ಟನ್ನು ಸುರಿದು ಒಂದು ನಿಮಿಷ ಬಿಡದೆ ತಿರುವಿದಾಗ ಅದು ಪಾತ್ರೆಯ ಅಂಚು ಬಿಟ್ಟು ಅಂಟಂಟಾದ ಮುದ್ದೆಯಾಯಿತು. ಮುಚ್ಚಿ 5 ನಿಮಿಷ ಇಟ್ಟು, ಕೈ ತಾಳುವಷ್ಟು ಬಿಸಿಯಿರುವಾಗಲೇ ಸೋರೆಕಾಯಿಯೊಂದಿಗೆ ನಾದಿದರು. ಆ ಒಂದು ಹೆಜ್ಜೆಯಿಂದ ಇಸಬ್‌ಗೋಲನ್ನು 8 ಗ್ರಾಂನಿಂದ 4 ಗ್ರಾಂಗೆ ಇಳಿಸಲು ಸಾಧ್ಯವಾಯಿತು, ಹೊಟ್ಟೆಯುಬ್ಬರ ನಿಂತಿತು, ಮುಖ್ಯವಾಗಿ ಕಾವಲಿಯಿಂದ ಎದ್ದ ಆವಿಯಲ್ಲಿ ಅಕ್ಕಿ ರೊಟ್ಟಿಯ ವಾಸನೆಯಿತ್ತು.

ಐದು ವಾರ ನಾನು ಅಕ್ಕಿಯನ್ನು ಸಂಪೂರ್ಣ ಹೊರಗಿಡುವ ಹಟದಲ್ಲಿದ್ದೆ. ರೊಟ್ಟಿಯಲ್ಲಿ ಅಕ್ಕಿ ಎರಡು ಕೆಲಸ ಮಾಡುತ್ತದೆ: ಒಂದು ಹೊಟ್ಟೆ ತುಂಬಿಸುವುದು, ಇನ್ನೊಂದು ಹಿಡಿದಿಟ್ಟು ಪರಿಮಳ ಕೊಡುವುದು. ಮೊದಲನೆಯದಕ್ಕೆ 120 ಗ್ರಾಂ ಬೇಕು, ಎರಡನೆಯದಕ್ಕೆ ಉಕ್ಕರಿಸಿದ 15 ಗ್ರಾಂ ಸಾಕು. ಹೊಟ್ಟೆ ತುಂಬಿಸುವ ಕೆಲಸವನ್ನು ಸೋರೆಕಾಯಿ ಮತ್ತು ತೆಂಗು ಮಾಡುತ್ತವೆ. ಇದನ್ನು ಕಂಡುಹಿಡಿದವರು ಅಮ್ಮ. ನಾನು ತೂಕ ಬರೆದುಕೊಂಡೆ.

ಈಗ ನಡೆಯುತ್ತಿರುವ ಅಳತೆ ಎರಡು ರೊಟ್ಟಿಗೆ ಹೀಗಿದೆ: ಹಿಂಡಿದ ಸೋರೆಕಾಯಿ 100 ಗ್ರಾಂ, ತೆಂಗಿನ ಹಿಟ್ಟು 30 ಗ್ರಾಂ, ಉಕ್ಕರಿಸಿದ ಅಕ್ಕಿ ಹಿಟ್ಟು 15 ಗ್ರಾಂ (ಒಣ ತೂಕ), ಇಸಬ್‌ಗೋಲ್ 4 ಗ್ರಾಂ, ಹೆಚ್ಚಿದ ಈರುಳ್ಳಿ 20 ಗ್ರಾಂ, ಎಳ್ಳು 5 ಗ್ರಾಂ, ಒಂದು ಹಿಡಿ ಸಬ್ಬಸಿಗೆ ಸೊಪ್ಪು, ಹಸಿಮೆಣಸು, ಜೀರಿಗೆ. ಉಪ್ಪನ್ನು ಸೋರೆಕಾಯಿಗೆ ಮೊದಲೇ ಹಾಕಿರುವುದರಿಂದ ಮತ್ತೆ ಹಾಕುವ ಮೊದಲು ರುಚಿ ನೋಡಬೇಕು. ಎರಡು ಬಾರಿ ಉಪ್ಪಾಗಿ ಹೋಗಿದೆ. ಹಿಂಡಿದ ನೀರು ಸಾರಿಗೆ ಹೋಗುತ್ತದೆ. ಬಾಳೆಎಲೆಯ ಮೇಲೆ 16 ಸೆಂಟಿಮೀಟರ್ ಅಗಲ, 4 ಮಿಲಿಮೀಟರ್ ದಪ್ಪಕ್ಕೆ ತಟ್ಟಿ, ಕಾದ ಕಾವಲಿಯ ಮೇಲೆ ಎಲೆಯ ಸಮೇತ ಮಗುಚಿ ಹಾಕಿ, ಒಂದು ನಿಮಿಷದ ನಂತರ ಎಲೆ ಬಿಡಿಸಿ, ಮುಚ್ಚಳ ಮುಚ್ಚಿ ಮಧ್ಯಮ ಉರಿಯಲ್ಲಿ 4 ನಿಮಿಷ, ಮಗುಚಿ ಮುಚ್ಚಳ ತೆಗೆದು 3 ನಿಮಿಷ ಬೇಯಿಸಬೇಕು. ಅಂಚು ತಾನಾಗಿ ಏಳುವವರೆಗೆ ಮಗುಚುವ ಕೈ ಹಾಕಬಾರದು. ಹಳೆಯ ರೊಟ್ಟಿಯಷ್ಟು ತೆಳ್ಳಗೆ ಇದನ್ನು ತಟ್ಟಲು ಬರುವುದಿಲ್ಲ, ಅಂಚಿನ ಗರಿಗರಿಯೂ ಅಷ್ಟು ಬರುವುದಿಲ್ಲ. ಈ ಎರಡು ಕೊರತೆ ಉಳಿದಿವೆ.

ನಾರಿನಂಶ ಕಳೆದು ಲೆಕ್ಕ ಹಾಕಿದರೆ ಎರಡು ರೊಟ್ಟಿಯಲ್ಲಿ ಸುಮಾರು 22 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಮೂರು ಬೆಳಿಗ್ಗೆಯ ಅಂಕಿಗಳು, ಮಾತ್ರೆ ಅರ್ಧಕ್ಕೆ ಇಳಿದ ಮೇಲೆ, ಎರಡು ಗಂಟೆಗೆ 158, 163, 151. ಖರ್ಚು ಎರಡಕ್ಕೆ ಸುಮಾರು 24 ರೂಪಾಯಿ. ಹಳೆಯದಕ್ಕೆ 9 ಇತ್ತು.

ಜುಲೈ 21ರಿಂದ ಆಗಸ್ಟ್ 11: ನಿಪ್ಪಟ್ಟು

ರೊಟ್ಟಿ ಒಂದು ದಾರಿಗೆ ಬಂದ ಮೇಲೆ ಸಂಜೆಯ ಕಾಫಿಯ ಜೊತೆಗಿನ ನಿಪ್ಪಟ್ಟು ಉಳಿದಿತ್ತು. ನಮ್ಮ ಮನೆಯ ಹಳೆಯ ನಿಪ್ಪಟ್ಟಿನಲ್ಲಿ ಅಕ್ಕಿ ಹಿಟ್ಟು, ಸ್ವಲ್ಪ ಮೈದಾ, ಹುರಿಗಡಲೆ ಸೇರಿ ಒಂದೊಂದರಲ್ಲೂ ಸುಮಾರು 7 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತಿತ್ತು. ನಿಪ್ಪಟ್ಟಿಗೆ ಹೇಗೂ ಹಾಕುವ ಕಡಲೆಕಾಯಿ ಬೀಜ, ಎಳ್ಳು, ಕೊಬ್ಬರಿಯನ್ನೇ ಮುಖ್ಯ ಹಿಟ್ಟಾಗಿ ಮಾಡಿದರೆ ಕೆಲಸ ಸುಲಭವೆಂದು ಭಾವಿಸಿದೆ.

ಮೊದಲ ಪ್ರಯತ್ನದಲ್ಲಿ ಹುರಿದು ಸಿಪ್ಪೆ ತೆಗೆದ 100 ಗ್ರಾಂ ಬೀಜವನ್ನು ತರಿತರಿಯಾಗಿ ಪುಡಿಮಾಡಿ, ಎಳ್ಳು ಮತ್ತು ಕೊಬ್ಬರಿ ತಲಾ 30 ಗ್ರಾಂ ಸೇರಿಸಿ, ಖಾರದ ಪುಡಿ, ಇಂಗು, ಕರಿಬೇವು ಹಾಕಿ ತಟ್ಟಿ ಎಣ್ಣೆಗೆ ಬಿಟ್ಟೆ. ಅರ್ಧ ನಿಮಿಷದಲ್ಲಿ ಎಣ್ಣೆ ನೊರೆಯೆದ್ದು, ನಿಪ್ಪಟ್ಟು ಕರಗಿದಂತೆ ಹರಡಿ, ಪುಡಿಯೆಲ್ಲ ಬಾಣಲೆಯ ತಳಕ್ಕೆ ಹೋಗಿ ಕರಕಲಾಯಿತು. 400 ಮಿಲಿಲೀಟರ್ ಎಣ್ಣೆಯನ್ನು ಸೋಸಿದರೂ ಮತ್ತೆ ಬಳಸುವಂತಿರಲಿಲ್ಲ. ಬಾಣಲೆಯ ಮಾತು ಅಲ್ಲಿಗೇ ಬಿಟ್ಟೆ.

ಎರಡನೆಯ ಪ್ರಯತ್ನ ವಿದ್ಯುತ್ ಒಲೆಯಲ್ಲಿ, 180 ಡಿಗ್ರಿಗೆ. 14ನೆಯ ನಿಮಿಷದಲ್ಲಿ ಅಂಚು ಕಪ್ಪು, ನಡುವೆ ಮೆತ್ತಗೆ. ಬೀಜದ ಹಿಟ್ಟು ಅಕ್ಕಿ ಹಿಟ್ಟಿಗಿಂತ ಬಹಳ ಬೇಗ ಕೆಂಪಾಗುತ್ತದೆ, ಮೊದಲೇ ಹುರಿದದ್ದಾದ್ದರಿಂದ ಇನ್ನೂ ಬೇಗ. ಮೂರನೆಯದರಲ್ಲಿ 30 ಗ್ರಾಂ ಕಡಲೆ ಹಿಟ್ಟು, 6 ಗ್ರಾಂ ಇಸಬ್‌ಗೋಲ್, ಒಂದು ಚಮಚ ಕಾಯಿಸಿದ ಎಣ್ಣೆ ಮತ್ತು 55 ಮಿಲಿಲೀಟರ್ ನೀರು ಸೇರಿಸಿ, 150 ಡಿಗ್ರಿಯಲ್ಲಿ 30 ನಿಮಿಷ ಇಟ್ಟೆ. ಬಿಸಿಯಿರುವಾಗ ಗರಿಗರಿ, ಮರುದಿನ ಬೆಳಿಗ್ಗೆ ಡಬ್ಬದಲ್ಲಿ ಒದ್ದೆ ಬಿಸ್ಕತ್ತು. ಇಲ್ಲಿ ಕಡಲೆ ಹಿಟ್ಟಿನ ವಾಸನೆ ಅಡ್ಡಿಯಾಗಲಿಲ್ಲ. ಖಾರ, ಇಂಗಿನ ನಡುವೆ ಅದು ನಿಪ್ಪಟ್ಟಿಗೆ ಒಗ್ಗಿಕೊಂಡಿತು.

ಆಗಸ್ಟ್ 3ರ ನಾಲ್ಕನೆಯ ಪ್ರಯತ್ನ ಯಶಸ್ವಿಯಾಯಿತು. ಕಲಸುವ ಅಳತೆ ಅದೇ. ಬದಲಾಯಿಸಿದ್ದು ದಪ್ಪ, ಬಿಸಿ ಮತ್ತು ಆರಿಸುವ ರೀತಿ. ದಪ್ಪವನ್ನು 4 ಮಿಲಿಮೀಟರ್‌ನಿಂದ 3ಕ್ಕೆ ಇಳಿಸಲು, ಎರಡು ಬಟರ್ ಪೇಪರ್‌ಗಳ ನಡುವೆ ಹಿಟ್ಟನ್ನಿಟ್ಟು ಎರಡೂ ಬದಿಗೆ 3 ಮಿಲಿಮೀಟರ್ ಪಟ್ಟಿಗಳನ್ನು ಇಟ್ಟು ಲಟ್ಟಿಸಿದೆ. ಈ ಉಪಾಯ ನನ್ನ ಉದ್ಯೋಗದಿಂದ ಬಂದದ್ದು. 6 ಸೆಂಟಿಮೀಟರ್ ಅಗಲದ ಬಟ್ಟಲಿನಿಂದ ಕತ್ತರಿಸಿ, ಮುಳ್ಳು ಚಮಚದಿಂದ ಚುಚ್ಚಿ, 140 ಡಿಗ್ರಿಯಲ್ಲಿ 45 ನಿಮಿಷ ಬೇಯಿಸಿ, ನಡುವೆ ಒಮ್ಮೆ ಮಗುಚಿ, ಒಲೆ ಆರಿಸಿದ ಮೇಲೆ ಬಾಗಿಲನ್ನು ಎರಡು ಬೆರಳಿನಷ್ಟು ತೆರೆದು ಒಳಗೇ ಒಂದು ಗಂಟೆ ಬಿಟ್ಟೆ. 20 ನಿಪ್ಪಟ್ಟುಗಳಾದವು. ಒಳಗೆ ಹೋಗುವಾಗ ಒಂದೊಂದು 13 ಗ್ರಾಂ, ಹೊರಗೆ ಬರುವಾಗ 10 ಗ್ರಾಂ ಇತ್ತು. ಎಲ್ಲವೂ 10 ಗ್ರಾಂಗೆ ಇಳಿದಾಗ ಮಾತ್ರ ಮರುದಿನ ಗರಿಗರಿ ಉಳಿಯುತ್ತದೆ. 11 ಇದ್ದರೆ ಮತ್ತೆ ಒಳಗಿಡುತ್ತೇನೆ. ಬಣ್ಣ ನೋಡಿ ನಿರ್ಧರಿಸುವುದಕ್ಕಿಂತ ತಕ್ಕಡಿ ನೋಡಿ ನಿರ್ಧರಿಸುವುದು ಇಲ್ಲಿ ಹೆಚ್ಚು ನಂಬಿಕೆಯ ಕ್ರಮ. ಒಂದೊಂದರಲ್ಲಿ ನಾರು ಕಳೆದು ಸುಮಾರು ಒಂದೂವರೆ ಗ್ರಾಂ ಕಾರ್ಬೋಹೈಡ್ರೇಟ್.

ಆಮೇಲೆ ಇನ್ನೊಂದು ತಪ್ಪಾಯಿತು. ಸಕ್ಕರೆ ಏರುವುದಿಲ್ಲವೆಂದು ನಾನೇ ಹೇಳಿದ್ದರಿಂದ ಅಮ್ಮ ದಿನಕ್ಕೆ ಆರೇಳು ತಿನ್ನತೊಡಗಿದರು, ನಾನೂ ತಡೆಯಲಿಲ್ಲ. ಕಡಲೆಕಾಯಿ ಬೀಜ, ಎಳ್ಳು, ಕೊಬ್ಬರಿ ಎಲ್ಲವೂ ಎಣ್ಣೆಕಾಳು. ಒಂದು ನಿಪ್ಪಟ್ಟಿನಲ್ಲಿ ಸುಮಾರು 60 ಕ್ಯಾಲೊರಿ ಇದೆ. ಆಗಸ್ಟ್ ಕೊನೆಗೆ ಅಮ್ಮನ ತೂಕ 1.2 ಕಿಲೋ ಏರಿತ್ತು. ಈಗ ಡಬ್ಬಕ್ಕೆ ಬದಲಾಗಿ ಎರಡೆರಡು ನಿಪ್ಪಟ್ಟಿನ ಪೊಟ್ಟಣ ಕಟ್ಟಿಡುತ್ತೇವೆ. ದಿನಕ್ಕೆ ಒಂದು ಪೊಟ್ಟಣ.

ಆಗಸ್ಟ್ 18: ಚಕ್ಕುಲಿ, ಕೈಬಿಟ್ಟದ್ದು

ಚಕ್ಕುಲಿ ಆಗಲಿಲ್ಲ. ಬೀಜದ ಹಿಟ್ಟಿನ ಎಣ್ಣೆ ಒರಳಿನ ಒತ್ತಡಕ್ಕೆ ಹೊರಬಂದು ಎಳೆ ಒಡೆಯಿತು. ಎಣ್ಣೆ ತೆಗೆದ ಸೋಯಾ ಹಿಟ್ಟಿನಲ್ಲಿ ಎಳೆ ಬಂತು, ಆದರೆ ಸುತ್ತುವಾಗ ತುಂಡಾಯಿತು, ಬೆಂದ ಮೇಲೆ ಹಸಿ ಕಾಳಿನ ಕಹಿ ಉಳಿಯಿತು. ಉದ್ದಿನ ಹಿಟ್ಟು ಹೆಚ್ಚಿಸಿದರೆ ಎಳೆ ಚೆನ್ನಾಗಿ ಬರುತ್ತದೆ, ಆದರೆ ಉದ್ದಿನಲ್ಲೂ ಅರ್ಧಕ್ಕಿಂತ ಹೆಚ್ಚು ಕಾರ್ಬೋಹೈಡ್ರೇಟ್ ಇರುವುದರಿಂದ ಶ್ರಮಕ್ಕೆ ತಕ್ಕ ಫಲವಿಲ್ಲ. ಮೂರು ಪ್ರಯತ್ನ, 310 ರೂಪಾಯಿ. ಹಬ್ಬದ ದಿನ ನಿಜವಾದ ಚಕ್ಕುಲಿ ಎರಡು ತಿನ್ನುವುದು, ಅಂದು ಅನ್ನವನ್ನು ಅಷ್ಟು ಕಡಿಮೆ ಮಾಡುವುದು ಎಂದು ಅಮ್ಮನೂ ನಾನೂ ಒಪ್ಪಿಕೊಂಡೆವು. ಕೆಟ್ಟ ಬದಲಿ ಚಕ್ಕುಲಿಗಿಂತ ಅಳತೆಯ ನಿಜವಾದ ಚಕ್ಕುಲಿಯೇ ಮೇಲೆಂಬುದು ನನ್ನ ಅಭಿಪ್ರಾಯ.

ಸೆಪ್ಟೆಂಬರ್ 5

ಸೆಪ್ಟೆಂಬರ್ 2ರ ರಕ್ತಪರೀಕ್ಷೆಯಲ್ಲಿ 8.9 ಇದ್ದದ್ದು 7.6ಕ್ಕೆ ಬಂದಿದೆ. ಇದೆಲ್ಲ ರೊಟ್ಟಿಯಿಂದ ಆದದ್ದೆಂದು ಬರೆಯಲಾರೆ; ಈ ಅವಧಿಯಲ್ಲಿ ರಾತ್ರಿಯ ಅನ್ನವನ್ನೂ ಅರ್ಧ ಮಾಡಿದ್ದೆವು. ನಾಳೆ ಗೌರಿ ಹಬ್ಬ, ನಾಡಿದ್ದು ಗಣೇಶ ಚತುರ್ಥಿ. ಮೊನ್ನೆ ಮೂರು ಅಳತೆ, 60 ನಿಪ್ಪಟ್ಟು ಮಾಡಿದೆ. ಒಂದು ಅಳತೆಗೆ ಒಲೆಯ ಕರೆಂಟು ಬಿಟ್ಟು 52 ರೂಪಾಯಿ ಬಿದ್ದಿದೆ.

ಬಗೆಹರಿಯದೆ ಉಳಿದಿರುವ ತೊಂದರೆ ಮಳೆಗಾಲದ ತೇವ. ಸ್ಟೀಲ್ ಡಬ್ಬದಲ್ಲಿ ಐದನೆಯ ದಿನಕ್ಕೆ ನಿಪ್ಪಟ್ಟು ಮೆತ್ತಗಾಗುತ್ತದೆ, ತೂಕ ನೋಡಿದರೆ 10 ಗ್ರಾಂ ಇದ್ದದ್ದು ಅರ್ಧ ಗ್ರಾಂ ಏರಿರುತ್ತದೆ. 120 ಡಿಗ್ರಿಯಲ್ಲಿ 10 ನಿಮಿಷ ಮತ್ತೆ ಇಟ್ಟರೆ ಸರಿಯಾಗುತ್ತದೆ, ಆದರೆ ಎರಡನೆಯ ಬಾರಿ ಹಾಗೆ ಮಾಡಿದಾಗ ಬೀಜ ಕಹಿಯಾಯಿತು. ಇಸಬ್‌ಗೋಲೇ ಗಾಳಿಯ ತೇವವನ್ನು ಎಳೆದುಕೊಳ್ಳುತ್ತಿದೆಯೆಂಬ ಅನುಮಾನ ಇರುವುದರಿಂದ, ಹಬ್ಬ ಕಳೆದ ಮೇಲೆ ಅದನ್ನು 6 ಗ್ರಾಂನಿಂದ 2ಕ್ಕೆ ಇಳಿಸಿ, ರೊಟ್ಟಿಯಲ್ಲಿ ಮಾಡಿದಂತೆ 10 ಗ್ರಾಂ ಅಕ್ಕಿ ಹಿಟ್ಟನ್ನು ಉಕ್ಕರಿಸಿ ಸೇರಿಸಿ ನೋಡಬೇಕು. ಅದರಿಂದ ಒಂದೊಂದು ನಿಪ್ಪಟ್ಟಿಗೆ ಅರ್ಧ ಗ್ರಾಂಗಿಂತ ಕಡಿಮೆ ಕಾರ್ಬೋಹೈಡ್ರೇಟ್ ಸೇರುತ್ತದೆ. ಉಕ್ಕರಿಸುವ ಕೆಲಸ ಅಮ್ಮನದು. ಪಟ್ಟಿ ಇಟ್ಟು ಲಟ್ಟಿಸುವುದು, ತೂಕ ಬರೆಯುವುದು ನನ್ನದು.